ಜೋರು ಸದ್ದು, ಸಣ್ಣ ಸದ್ದು

ನಿಪ್ಪಾಣಿಯಿಂದ ಪುಣೆಯ ಮಾರ್ಕೆಟ್ ಯಾರ್ಡಿಗೆ ತರಕಾರಿ ತರುವ ನಮ್ಮಣ್ಣನ ಪಿಕಪ್ಪಿನಲ್ಲಿ ಎರಡು ಸದ್ದು ಶುರುವಾಗಿದ್ದವು. ನಿಧಾನಕ್ಕೆ ಸ್ಟೀರಿಂಗ್ ತಿರುಗಿಸಿದರೆ ‘ಗುಂಯ್’. ಗುಂಡಿ ಹಾರಿದರೆ ‘ಟಕ್’. ಅಣ್ಣನಿಗೆ ಮೊದಲನೆಯದರದೇ ಚಿಂತೆ, ಅದು ಜೋರು.

ಪುಣೆಯ ನಮ್ಮ ಮನೆ ಮುಂದೆ ಬಾನೆಟ್ ಎತ್ತಿ ನೋಡಿದೆವು. ಪವರ್ ಸ್ಟೀರಿಂಗ್ ಆಯಿಲ್ ಕಡಿಮೆಯಾಗಿ ಪಂಪು ಗಾಳಿ ಎಳೆಯುತ್ತಿತ್ತು, ಡಬ್ಬಿಯಲ್ಲಿ ನೊರೆ. ಪೈಪಿನ ಕ್ಲಿಪ್ ಬಿಗಿಮಾಡಿ, ಗುರುತಿನ ತನಕ ಆಯಿಲ್ ತುಂಬಿ, ಮುಂದಿನ ಚಕ್ರಗಳನ್ನೆತ್ತಿ, ಎಂಜಿನ್ ಚಾಲೂ ಮಾಡದೆ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿದೆವು. ಗಾಳಿ ಹೋಯಿತು, ಸದ್ದೂ ಹೋಯಿತು.

“ಆತಲ್ಲ, ಇನ್ನ ಹೊಂಡತೇನಿ” ಎಂದ ಅಣ್ಣ.

“ತಡಿ ಅಣ್ಣಾ, ಇನ್ನೊಂದೈತಿ.”

ಚಕ್ರ ನೆಲಕ್ಕಿಳಿಸಿ ನಾನು ಸ್ಟೀರಿಂಗನ್ನು ತುಸುವೇ ಅತ್ತಿತ್ತ ಅಲುಗಿಸಿದೆ. ಅವನು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಕೈಯಿಟ್ಟ. ಎಡ ಚಕ್ರದ ಟೈ ರಾಡ್ ಎಂಡಿನ ಬಳಿ ಕೈ ನಿಂತಿತು: ರಬ್ಬರು ಹರಿದು, ಗ್ರೀಸ್ ಒಣಗಿ, ಒಳಗಿನ ಗುಂಡು ಲೊಡಲೊಡ. ಅದು ಕಳಚಿದರೆ ಆ ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಊರಿನ ದಾರಿಯಲ್ಲಿರುವುದು ಖಂಬಾಟಕಿ ಘಾಟು.

ಹೊಸದು ಹಾಕಿಸಿ, ಅಲೈನ್‌ಮೆಂಟ್ ಮಾಡಿಸುವಷ್ಟರಲ್ಲಿ ಒಂದು ದಿನದ ಬಾಡಿಗೆ ಹೋಯಿತು. ಅಣ್ಣ ಗೊಣಗಲಿಲ್ಲ. ಆ ಲೊಡಲೊಡ ಅವನ ಕೈಗೇ ತಿಳಿದಿತ್ತು.