ಅಟ್ಟದ ಮೇಲಿನ ಕಲ್ನಾರು

ಊರಲ್ಲಿ ಕಲ್ನಾರು ಅಂದ್ರೆ ಎಷ್ಟೋ ಜನಕ್ಕೆ ಗೊತ್ತಾಗಲ್ಲ, ಸಿಮೆಂಟ್ ಶೀಟು ಅಂದ್ರೆ ಎಲ್ಲರಿಗೂ ಗೊತ್ತು. ಕೊಟ್ಟಿಗೆಗೆ, ಬಚ್ಚಲುಮನೆಗೆ, ಅಂಗಡಿಯ ಮುಂದಿನ ಚಾವಣಿಗೆ ಹೊದಿಸೋದು ಅದನ್ನೇ. ಇಲ್ಲಿಗೆ ಬಂದ ನಮಗೆ ಅದೇ ವಸ್ತು ಆಸ್ಬೆಸ್ಟಾಸ್ ಅನ್ನೋ ಹೆಸರಲ್ಲಿ ಮತ್ತೆ ಎದುರಾಗುವುದು ಮನೆ ಕೊಂಡಾಗ. ಬೇ ಏರಿಯಾದಲ್ಲಿ ನಮ್ಮ ಕೈಗೆಟುಕುವ ಮನೆಗಳಲ್ಲಿ ಬಹಳಷ್ಟು 1950, 60ರ ದಶಕದವು. ಆ ಕಾಲದಲ್ಲಿ ನೆಲದ ಟೈಲು, ಹೀಟರಿನ ಕೊಳವೆ, ಪಾಪ್‌ಕಾರ್ನ್ ಸೀಲಿಂಗ್ ಹೀಗೆ ಎಲ್ಲದಕ್ಕೂ ಕಲ್ನಾರು ಬೆರೆಸುತ್ತಿದ್ದರು. ಮಾರುವವರು ತಮಗೆ ಗೊತ್ತಿರುವುದನ್ನು ಬರೆದು ಕೊಡಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನಿದೆ. ಗೊತ್ತಿಲ್ಲ ಅಂತ ಬರೆದರೆ ಅಲ್ಲಿಗೆ ಮುಗೀತು.

ನಾವು ಗಂಡ ಹೆಂಡತಿ ಎರಡು ಸಂಬಳ ಸೇರಿಸಿ ಫ್ರೀಮಾಂಟಿನಲ್ಲಿ ಅಂಥದ್ದೇ ಒಂದು ಮನೆ ತಗೊಂಡ್ವಿ. ಎರಡನೇ ವರ್ಷ ವೈರಿಂಗ್ ಮಾಡಲು ಅಟ್ಟ ಹತ್ತಿದ ಕೆಲಸಗಾರ ಎರಡೇ ನಿಮಿಷಕ್ಕೆ ಇಳಿದು ಬಂದ. 'ಮೇಲೆ ವರ್ಮಿಕ್ಯುಲೈಟ್ ಇದೆ. ಪರೀಕ್ಷೆ ಮಾಡಿಸೋವರೆಗೆ ನಾನು ಹತ್ತಲ್ಲ' ಅಂದ. ಪರೀಕ್ಷೆಯಲ್ಲಿ ಕಲ್ನಾರು ಸಿಕ್ಕಿತು.

ವರ್ಮಿಕ್ಯುಲೈಟ್ ಅಂದರೆ ಕಾಯಿಸಿದಾಗ ಅರಳಿನ ಹಾಗೆ ಉಬ್ಬುವ ಖನಿಜ. ಚಳಿ ತಡೆಯಲು ಅಟ್ಟದಲ್ಲಿ ಸುರಿಯುತ್ತಿದ್ದರು. 1990ರವರೆಗೆ ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟಿನಲ್ಲಿ ಸುಮಾರು 70 ಶೇಕಡಾ ಮೊಂಟಾನಾ ರಾಜ್ಯದ ಲಿಬ್ಬಿ ಗಣಿಯದು, ಆ ಗಣಿಯಲ್ಲಿ ಕಲ್ನಾರೂ ಬೆರೆತಿತ್ತು. ಅದನ್ನು ಹುರಿಯುವ ಕಾರ್ಖಾನೆ ನಮ್ಮ ಪಕ್ಕದ ನ್ಯೂವಾರ್ಕಿನಲ್ಲೂ ಇತ್ತು. ಜೋನೋಲೈಟ್ ಅನ್ನೋ ಬ್ರ್ಯಾಂಡಿನದ್ದೇ ಅಂತ ತೋರಿಸಲು ಸಾಧ್ಯವಾದ ಮನೆಯವರಿಗೆ ಒಂದು ಟ್ರಸ್ಟ್ ಖರ್ಚಿನ 55 ಶೇಕಡಾ ಹಣವನ್ನು ಒಂದು ಮಿತಿಯವರೆಗೆ ಹಿಂದಿರುಗಿಸುತ್ತದೆ. ನಮ್ಮದು ಅದೇ ಅಂತ ಸಾಬೀತಾಗಲಿಲ್ಲ. ಮಗಳ ಕಾಲೇಜಿಗೆ ಅಂತ ಇಟ್ಟಿದ್ದ ದುಡ್ಡು ಅಟ್ಟಕ್ಕೆ ಹೋಯ್ತು.

ಆ ದಿನಗಳಲ್ಲಿ ಕ್ಯಾನ್‌ಬೆರಾದ ಕಥೆ ಓದಿದೆವು. ಆಸ್ಟ್ರೇಲಿಯಾದ ಆ ರಾಜಧಾನಿಯಲ್ಲಿ 1968ರಿಂದ 1979ರವರೆಗೆ ಒಂದು ಕಂಪನಿ ಸಾವಿರಕ್ಕೂ ಹೆಚ್ಚು ಮನೆಗಳ ಅಟ್ಟಕ್ಕೆ ಬಿಡಿ ಕಲ್ನಾರನ್ನೇ ತುಂಬಿತ್ತು. ಜನ ಅದನ್ನು 'ಮಿಸ್ಟರ್ ಫ್ಲಫಿ' ಅಂತಿದ್ದರು. 1988ರಿಂದ 1993ರವರೆಗೆ ಸರ್ಕಾರ ಅದನ್ನು ತೆಗೆಸಿತು. ಆದರೆ ಗೋಡೆಗಳ ಸಂದಿಯಲ್ಲಿ ನಾರು ಉಳಿದೇ ಇತ್ತು. ಮನೆಯವರು ಗುಂಪು ಕಟ್ಟಿಕೊಂಡು ಬಾಗಿಲು ಬಾಗಿಲು ಬಡಿದರು. 2014ರಲ್ಲಿ ಅಲ್ಲಿಯ ಸ್ಥಳೀಯ ಸರ್ಕಾರ ಲೇಬರ್ ಪಕ್ಷದ್ದು, ಕೇಂದ್ರ ಸರ್ಕಾರ ವಿರೋಧಿ ಲಿಬರಲ್ ಕೂಟದ್ದು. ಆದರೂ ಕೇಂದ್ರ 100 ಕೋಟಿ ಆಸ್ಟ್ರೇಲಿಯನ್ ಡಾಲರ್ ಕಡಿಮೆ ಬಡ್ಡಿಯ ಸಾಲ ಕೊಟ್ಟಿತು. ಕಲ್ನಾರು ಇಲ್ಲದಿದ್ದರೆ ಎಷ್ಟು ಬೆಲೆಯೋ ಅಷ್ಟೇ ಕೊಟ್ಟು ಸ್ಥಳೀಯ ಸರ್ಕಾರ ಮನೆಗಳನ್ನು ಕೊಂಡು ಕೆಡವಿಸಿತು. ಸಾಲದ ಹೊರೆ ಊರಿನ ಮೇಲೆ ಬಿತ್ತು, ಮಕ್ಕಳಾಡಿದ ಮನೆ ಬಿಟ್ಟು ಹೊರಟವರ ನೋವಂತೂ ಹಣದಿಂದ ಹೋಗಲಿಲ್ಲ. ಆದರೆ 'ನಿಮ್ಮ ಮನೆ, ನಿಮ್ಮ ಹಣೆಬರಹ' ಅಂತ ಯಾರೂ ಕೈತೊಳೆದುಕೊಳ್ಳಲಿಲ್ಲ.

ಇಲ್ಲೂ ಸಹಕಾರ ಇಲ್ಲ ಅಂತಲ್ಲ. ಬೇ ಏರಿಯಾದ ಗಾಳಿಯ ಗುಣಮಟ್ಟ ನೋಡಿಕೊಳ್ಳುವ ಏರ್ ಡಿಸ್ಟ್ರಿಕ್ಟ್ 1955ರಲ್ಲಿ ಹುಟ್ಟಿದ್ದು. ಇದರ ಮಂಡಳಿಯಲ್ಲಿ ಒಂಬತ್ತು ಕೌಂಟಿಗಳ ಚುನಾಯಿತರು ಒಟ್ಟಿಗೆ ಕೂರುತ್ತಾರೆ. 100 ಚದರ ಅಡಿಗಿಂತ ಹೆಚ್ಚು ಕಲ್ನಾರು ತೆಗೆಯುವುದಾದರೆ ಹತ್ತು ಕೆಲಸದ ದಿನ ಮುಂಚೆ ಅವರಿಗೆ ತಿಳಿಸಬೇಕು. ನಿಯಮ ಒಳ್ಳೆಯದೇ. ಆದರೆ ನಿಯಮ ಪಾಲಿಸುವ ಖರ್ಚಿಗೆ ಕೈಹಿಡಿಯುವವರು ನಮಗೆ ಯಾರೂ ಸಿಗಲಿಲ್ಲ.

ಖರ್ಚು ಭರಿಸಲಾಗದವರು ಏನು ಮಾಡ್ತಾರೆ? ಅಂಗಡಿಯ ಮುಂದೆ ಕೂಲಿಗೆ ನಿಂತವನನ್ನು ಕರೆತಂದು, ನಗದು ಕೊಟ್ಟು ಸೀಲಿಂಗ್ ಕೆರೆಸ್ತಾರೆ. ಧೂಳು ಕುಡಿಯುವವನು ನಮ್ಮ ಹಾಗೇ ದೂರದೂರಿನಿಂದ ಹೊಟ್ಟೆಪಾಡಿಗೆ ಬಂದವನು. ಈ ರೋಗ ಹತ್ತಾರು ವರ್ಷ ಬಿಟ್ಟು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಅವನು ಯಾವ ಊರಲ್ಲಿರ್ತಾನೋ, ಯಾರನ್ನು ಕೇಳ್ತಾನೋ. ಮನೆಯವರಿಗೆ ಸಹಾಯ ಮಾಡಿ ಅಂತ ನಾವು ಕೇಳುವುದು ಅವನಿಗಾಗಿಯೂ ಹೌದು.

ನಮ್ಮಲ್ಲಿ ಅನೇಕರಿಗೆ ಇಲ್ಲಿ ವೋಟಿಲ್ಲ, ನಮ್ಮ ಮಾತು ಯಾರು ಕೇಳ್ತಾರೆ ಅಂತ ಸುಮ್ಮನಾಗ್ತೀವಿ. ಆದರೆ 1953ರ ಬ್ರೌನ್ ಕಾಯ್ದೆಯ ಪ್ರಕಾರ ಸಿಟಿ ಕೌನ್ಸಿಲಿನಲ್ಲೂ ಏರ್ ಡಿಸ್ಟ್ರಿಕ್ಟ್ ಸಭೆಯಲ್ಲೂ ಯಾರು ಬೇಕಾದರೂ ಎದ್ದು ಮಾತಾಡಬಹುದು. ವೀಸಾ ಯಾವುದು ಅಂತ ಕೇಳುವ ಹಾಗಿಲ್ಲ. ನಾವು ನಾಲ್ಕು ಮನೆಯವರು ಸೇರಿ ಹೋಗಬೇಕು ಅಂತಿದ್ದೇವೆ. ಕೇಳುವುದು ಇಷ್ಟೇ: ಕಲ್ನಾರು ತೆಗೆಸುವವರಿಗೆ ಕಡಿಮೆ ಬಡ್ಡಿಯ ಸಾಲ ಕೊಡಿ, ಪರೀಕ್ಷೆಗೆ ನೆರವಾಗಿ. ನೀವೂ ಬನ್ನಿ.

ಅಲ್ಲಿಯವರೆಗೆ, ಹಳೇ ಮನೆಯಲ್ಲಿರುವವರು ಪರೀಕ್ಷೆ ಮಾಡಿಸದೆ ಏನನ್ನೂ ಕೆರೆಯಬೇಡಿ, ಕೊರೆಯಬೇಡಿ, ಗುಡಿಸಬೇಡಿ. ಅಟ್ಟದಲ್ಲಿ ಹೊಳೆಯುವ ಕಂದು ಹರಳು ಕಂಡರೆ ಮುಟ್ಟದೆ ಇಳಿದು ಬನ್ನಿ. ರಸೀದಿ, ಫೋಟೊ ಜೋಪಾನವಾಗಿಡಿ. ಊರಿಗೆ ಫೋನ್ ಮಾಡಿದಾಗ ಒಂದು ಮಾತು ಹೇಳಿ: ಒಡೆದ ಸಿಮೆಂಟ್ ಶೀಟನ್ನು ಕುಟ್ಟಿ ಅಂಗಳಕ್ಕೆ ಹಾಕಬೇಡಿ ಅಂತ.