ಬೆತ್ತದ ಬಳೆ, ಲೋಹದ ಚೆಂಡು

ಒಂಟಿ ಹಳಿಯ ದಾರಿಯಲ್ಲಿ ಪ್ರಯಾಣ ಮಾಡಿದವರಿಗೆಲ್ಲ "ಕ್ರಾಸಿಂಗ್" ಎಂಬ ಮಾತಿನ ಪರಿಚಯ ಉಂಟು. ಸುತ್ತ ಊರಿಲ್ಲ, ನೆರಳಿಲ್ಲ. ಅಂಥದೊಂದು ಸಣ್ಣ ಸ್ಟೇಷನ್ನಿನಲ್ಲಿ ಬಂಡಿ ನಿಂತುಬಿಡುವುದು. ಕಾಲು ಗಂಟೆ ಕಳೆಯುವುದು, ಅರ್ಧ ಗಂಟೆಯೂ ಕಳೆಯುವುದು. ಕೂಸುಗಳು ಅಳತೊಡಗುವುವು. ಬುತ್ತಿಯ ಗಂಟನ್ನು ಬಿಚ್ಚಿ, ಉಂಡು, ಮತ್ತೆ ಕಟ್ಟಿದ್ದಾಗುವುದು. ಕಿಟಕಿಯ ಪಕ್ಕದ ಹಿರಿಯರೊಬ್ಬರು ಸರ್ವಜ್ಞರಂತೆ ತಲೆದೂಗಿ, "ಕ್ರಾಸಿಂಗ್ ಇದೆ" ಎಂದು ತೀರ್ಪು ಕೊಡುವರು. ಆಮೇಲೆ ರೈಲ್ವೆಯವರನ್ನು ನಿಂದಿಸುವ ಕಾರ್ಯ ಸಾಂಗವಾಗಿ ನೆರವೇರುವುದು. ನಮಗೆ ಮಾತ್ರ ಚಿಕ್ಕಂದಿನಿಂದಲೂ ಆ ಹೊತ್ತು ಪ್ರಿಯವಾದದ್ದು; ಏಕೆಂದರೆ ನಿಂತ ಬಂಡಿಗೆ ಮುಂದೆ ಹೋಗುವ ಅಪ್ಪಣೆ ಕಣ್ಣಿಗೆ ಕಾಣುವ ಒಂದು ವಸ್ತುವಿನ ರೂಪದಲ್ಲಿ ಬರುತ್ತಿದ್ದಿತು. ಅದನ್ನು ನೋಡಬೇಕೆಂದೇ ನಾವು ಇಳಿದು ಎಂಜಿನ್ನಿನ ಕಡೆಗೆ ನಡೆಯುತ್ತಿದ್ದೆವು.

1970ರ ದಶಕದಲ್ಲಿ ಅರಸೀಕೆರೆ ಬೀರೂರುಗಳ ಕಡೆಯ ದಾರಿ ಇನ್ನೂ ಮೀಟರ್ ಗೇಜಿನದು, ಒಂಟಿ ಹಳಿಯದು. ನಿಲ್ಲದೆ ಹೋಗುವ ಬಂಡಿ ಬರುವ ಹೊತ್ತಿಗೆ ಸ್ಟೇಷನ್ನಿನ ಆಳೊಬ್ಬನು ಬೆತ್ತದ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿದು ಹಳಿಯ ಪಕ್ಕದಲ್ಲಿ ನಿಲ್ಲುತ್ತಿದ್ದನು. ಬಳೆಗೆ ಚರ್ಮದ ಸಣ್ಣ ಚೀಲವೊಂದು ಕಟ್ಟಿರುವುದು. ಎಂಜಿನ್ನಿನ ಮೆಟ್ಟಿಲ ಬಳಿ ಬಾಗಿ ನಿಂತ ಫೈರ್‌ಮನ್ ತಾನು ತಂದ ಬಳೆಯನ್ನು ನೆಲಕ್ಕೆ ಎಸೆದು, ತೋಳನ್ನು ನೀಡಿ ಈ ಬಳೆಯೊಳಗೆ ತೂರಿಸಿ ಎತ್ತಿಕೊಳ್ಳುತ್ತಿದ್ದನು. ಇಷ್ಟೆಲ್ಲ ಒಂದು ಉಸಿರಿನಲ್ಲಿ ಆಗಿಹೋಗುವುದು. ರಾತ್ರಿಯಾದರೆ ಆಳಿನ ಇನ್ನೊಂದು ಕೈಯಲ್ಲಿ ಪಂಜು ಉರಿಯುತ್ತಿರುವುದು. ಹುಡುಗರಾದ ನಾವು ಅದನ್ನು "ರೈಲಿನ ಬಳೆ" ಎಂದು ಕರೆಯುತ್ತಿದ್ದೆವು. ರೈಲ್ವೆಯವರಿಗೆ ಅದು "ಟೋಕನ್". ನಿಜವಾಗಿ ನೋಡಿದರೆ ಬಳೆಯೂ ಅಲ್ಲ, ಚೀಲವೂ ಅಲ್ಲ, ಚೀಲದೊಳಗೆ ಅಡಗಿರುವ ಲೋಹದ ಚೆಂಡೇ ಟೋಕನ್.

ನೋಡುವವರಿಗೆ ಇದು ಗಾರುಡಿಯಾಟದಷ್ಟು ಚೆಂದವಾಗಿ ಕಂಡರೂ ಮಾಡುವವರಿಗೆ ಹಾಗಲ್ಲ. ವೇಗ ಸ್ವಲ್ಪ ಹೆಚ್ಚಾದರೆ ತೋಳಿಗೆ ಬೀಳುವ ಪೆಟ್ಟು ಸಾಮಾನ್ಯವಾದುದಲ್ಲ. ಸ್ಕಾಟ್ಲೆಂಡಿನ ಉತ್ತರ ಭಾಗದ ರೈಲ್ವೆಯೊಂದರಲ್ಲಿ ಎಂಜಿನ್ನುಗಳ ಮೇಲ್ವಿಚಾರಕರಾಗಿದ್ದ ಜೇಮ್ಸ್ ಮ್ಯಾನ್ಸನ್ ಎಂಬುವರು ಕೆಲಸಗಾರರಿಗೆ ಆಗುತ್ತಿದ್ದ ಈ ಗಾಯಗಳನ್ನು ಕಂಡು, 1880ರ ದಶಕದಲ್ಲಿ ಟೋಕನ್ನನ್ನು ತಾನಾಗಿಯೇ ಕೊಟ್ಟು ತೆಗೆದುಕೊಳ್ಳುವ ಯಂತ್ರವೊಂದನ್ನು ರಚಿಸಿದರು. ಅದಕ್ಕೆ ಪೇಟೆಂಟ್ ಪಡೆದಿದ್ದರೆ ಅವರಿಗೆ ಹಣ ಬರುತ್ತಿದ್ದುದರಲ್ಲಿ ಸಂದೇಹವಿಲ್ಲ. ಅವರು ಪಡೆಯಲಿಲ್ಲ, ಯಾರು ಬೇಕಾದರೂ ಉಪಯೋಗಿಸಿ ಕೈಕಾಲು ಉಳಿಸಿಕೊಳ್ಳಲೆಂದು ಬಿಟ್ಟುಕೊಟ್ಟರು. ಇಂಥ ಹೆಸರುಗಳು ನಮ್ಮ ಮಕ್ಕಳ ಪಾಠಪುಸ್ತಕಗಳಲ್ಲಿ ಬರುವುದಿಲ್ಲವಲ್ಲಾ ಎಂಬುದು ಹಳೆಯ ಉಪಾಧ್ಯಾಯರಾದ ನಮ್ಮ ಕೊರಗು.

ಈ ಚೆಂಡು ಏತಕ್ಕೆ? ಎರಡು ಸ್ಟೇಷನ್ನುಗಳ ನಡುವೆ ಒಂದೇ ಹಳಿ ಇರುವಾಗ ಎರಡೂ ಕಡೆಯಿಂದ ಬಂಡಿಗಳು ಬರಬೇಕು, ಆದರೆ ಏಕಕಾಲದಲ್ಲಿ ಬರಕೂಡದು. ಎತ್ತಿನ ಗಾಡಿಗಳಾದರೆ ಕಿರಿದಾದ ಕಣಿವೆಯಲ್ಲಿ ಎದುರಾದಾಗ ಒಬ್ಬನು ಪಕ್ಕಕ್ಕೆ ಸರಿದಾನು, ಇಲ್ಲವೇ ಇಬ್ಬರೂ ಬೈದಾಡಿಕೊಂಡು ಒಬ್ಬನು ಹಿಂದೆ ಸರಿದಾನು. ಹಳಿಯ ಮೇಲಿನ ಬಂಡಿ ಪಕ್ಕಕ್ಕೆ ಸರಿಯಲಾರದು. ಎದುರಿನ ಬಂಡಿ ಕಣ್ಣಿಗೆ ಬೀಳುವ ವೇಳೆಗೆ ನಿಲ್ಲಲೂ ಆರದು. ಇದಕ್ಕೆ ಇಂಗ್ಲೆಂಡಿನಲ್ಲಿ ಮೊದಲು ಕಂಡುಕೊಂಡ ಪರಿಹಾರಗಳಲ್ಲಿ ಒಂದು ಬಹು ಸರಳವಾದುದು. ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಮನುಷ್ಯನೊಬ್ಬನನ್ನು ಆ ದಾರಿಗೆ ನೇಮಿಸುವುದು. ಅವನು ಜೊತೆಯಲ್ಲಿ ಇಲ್ಲದೆ, ಅಥವಾ ಅವನ ಪ್ರತ್ಯಕ್ಷ ಅಪ್ಪಣೆ ಇಲ್ಲದೆ, ಯಾವ ಬಂಡಿಯೂ ಹೊರಡಕೂಡದು. ಒಬ್ಬನೇ ಮನುಷ್ಯನು ಒಂದೇ ವೇಳೆಯಲ್ಲಿ ಎರಡು ಕಡೆ ಇರಲಾರನಷ್ಟೆ. ಮನುಷ್ಯನಿಗೆ ಬದಲಾಗಿ ಒಂದು ದಂಡವನ್ನು ಇಟ್ಟರೂ ಸಾಕೆಂದು ಆಮೇಲೆ ಹೊಳೆಯಿತು. ಆದರೆ ಒಂದೇ ದಿಕ್ಕಿನಲ್ಲಿ ಎರಡು ಬಂಡಿಗಳು ಹೋಗಬೇಕಾದರೆ? ಮೊದಲಿನವನಿಗೆ ದಂಡವನ್ನು ತೋರಿಸಿ ಚೀಟಿ ಕೊಡುವುದು, ಎರಡನೆಯವನ ಕೈಗೆ ದಂಡವನ್ನೇ ಕೊಡುವುದು. ಚೀಟಿಗಳ ಪೆಟ್ಟಿಗೆಯ ಬೀಗಕ್ಕೆ ದಂಡವೇ ಕೀಲಿ. ಆದರೂ ದಂಡ ಆಚೆಯ ಸ್ಟೇಷನ್ನಿನಲ್ಲಿದ್ದು ಬಂಡಿ ಈಚೆಯಲ್ಲಿದ್ದರೆ ಕಾಯುತ್ತ ಕೂರುವುದಲ್ಲದೆ ಬೇರೆ ಗತಿ ಇರಲಿಲ್ಲ.

ತಂತಿಯ ಮೇಲೆ ಸುದ್ದಿ ಕಳಿಸಿ ಕೆಲಸ ಸಾಗಿಸಿದವರೂ ಇದ್ದರು. ಅದರ ಫಲ 1874ರ ಸೆಪ್ಟೆಂಬರ್ 10ರ ರಾತ್ರಿ ನಾರ್ವಿಚ್ ಪಟ್ಟಣದ ಬಳಿ ಥಾರ್ಪ್ ಎಂಬಲ್ಲಿ ಕಂಡುಬಂದಿತು. ಎದುರಿನ ಬಂಡಿಯನ್ನು ಬಿಡಬಹುದೆಂಬ ಸಂದೇಶವು ಅಧಿಕಾರಿಯ ರುಜುವಾಗುವ ಮುನ್ನವೇ ತಂತಿಯ ಮೇಲೆ ಹೊರಟುಹೋಗಿದ್ದಿತು. ತಡೆಯಬೇಕೆಂದು ಮತ್ತೆ ತಂತಿ ಕೊಟ್ಟಾಗ, ಬಂಡಿ ಹೊರಟಾಯಿತೆಂದು ಉತ್ತರ ಬಂದಿತು. ಎರಡು ಬಂಡಿಗಳೂ ಹಳಿಯ ಮೇಲಿವೆಯೆಂದು ತಿಳಿದ ಮೇಲೆ ಆ ಸ್ಟೇಷನ್ನಿನವರು ಕಳೆದ ನಿಮಿಷಗಳನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಇಪ್ಪತ್ತೈದಕ್ಕೆ ಕಡಿಮೆಯಿಲ್ಲದಷ್ಟು ಜನ ಮಡಿದರು. ಇದಾದ ಕೆಲವು ವರ್ಷಗಳಿಗೆ, 1878ರಲ್ಲಿ, ಎಡ್ವರ್ಡ್ ಟಯರ್ ಎಂಬ ಶಿಲ್ಪಿಯು ತಂತಿಯನ್ನೂ ಟೋಕನ್ನನ್ನೂ ಒಂದುಗೂಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದನು. ದಾರಿಯ ಎರಡು ತುದಿಗಳಲ್ಲಿ ಎರಡು ಯಂತ್ರಗಳು, ಎರಡರಲ್ಲಿಯೂ ಬಿಲ್ಲೆಗಳು. ಎರಡೂ ಸೇರಿ ಒಮ್ಮೆಗೆ ಒಂದೇ ಬಿಲ್ಲೆಯನ್ನು ಹೊರಕ್ಕೆ ಬಿಡುವುವು. ಅದು ಮತ್ತೆ ಎರಡರಲ್ಲಿ ಒಂದರ ಹೊಟ್ಟೆಯನ್ನು ಸೇರುವವರೆಗೆ ಇನ್ನೊಂದು ಹೊರಬೀಳದು.

ನಮ್ಮ ದೇಶದಲ್ಲಿ ಬಹಳವಾಗಿ ಬಳಕೆಗೆ ಬಂದದ್ದು ನೀಲ್ ಎಂಬುವರ ಹೆಸರಿನ ಯಂತ್ರ. ಬಿಲ್ಲೆಗೆ ಬದಲಾಗಿ ಅದರಲ್ಲಿ ಚೆಂಡು. ಈಚೆಯ ಮಾಸ್ತರರು ಗಂಟೆ ಬಾರಿಸಿ ಆಚೆಯವರನ್ನು ಕೇಳಬೇಕು. ಆಚೆಯವರು ಒಪ್ಪಿ ತಮ್ಮ ಯಂತ್ರದಿಂದ ವಿದ್ಯುತ್ತನ್ನು ಕಳಿಸಬೇಕು. ಆಗ ಮಾತ್ರ ಈಚೆಯ ಹಿಡಿ ತಿರುಗಿ ಚೆಂಡು ಗಡಗಡನೆ ಉರುಳಿ ಕೆಳಗೆ ಬೀಳುವುದು. ಆಚೆಯವರು ಒಪ್ಪದಿದ್ದರೆ ಮೇಲಧಿಕಾರಿ ಬಂದು ಗುಡುಗಿದರೂ ಯಂತ್ರವು ಕೊಡದು. ಚೆಂಡಿನ ಮೇಲೆ ಎರಡು ಸ್ಟೇಷನ್ನುಗಳ ಗುರುತೂ ಒಂದು ಅಂಕಿಯೂ ಕೊರೆದಿರುವುವು. ಪಕ್ಕದ ದಾರಿಯ ಚೆಂಡು ಈ ಯಂತ್ರದೊಳಕ್ಕೆ ಇಳಿಯದಂತೆ ಅದರ ಕೊರೆತವೂ ಬೇರೆ. ಒಂದು ದಿಕ್ಕಿಗೆ ಹೆಚ್ಚು ಬಂಡಿಗಳು ಹೋದರೆ ಚೆಂಡುಗಳೆಲ್ಲ ಆ ತುದಿಯಲ್ಲಿಯೇ ಕೂಡಿಬೀಳುವುವು. ಆಗ ಅಧಿಕಾರವುಳ್ಳ ಒಬ್ಬನು ಬಂದು ಯಂತ್ರವನ್ನು ತೆರೆದು, ಲೆಕ್ಕ ಬರೆದು, ಚೆಂಡುಗಳನ್ನು ಈ ತುದಿಗೆ ತಂದು ತುಂಬಬೇಕು. ಇನ್ನೊಂದು ಸಂಗತಿ. ಚೆಂಡು ಬಂದಿತೆಂದರೆ ಎಂಜಿನ್ ಬಂದಿತೆಂದಷ್ಟೆ ಅರ್ಥ. ಬಾಲ ಬಂದಿತೆಂದು ಅರ್ಥವಲ್ಲ. ನಡುದಾರಿಯಲ್ಲಿ ಕೊಂಡಿ ಕಳಚಿ ನಾಲ್ಕು ಡಬ್ಬಿಗಳು ಉಳಿದಿದ್ದರೆ ಚೆಂಡಿಗೆ ಏನು ಗೊತ್ತು? ಆದುದರಿಂದ ಕೊನೆಯ ಡಬ್ಬಿಯ ಗುರುತನ್ನು ಕಣ್ಣಾರೆ ಕಾಣದೆ ದಾರಿ ತೆರವಾಯಿತೆಂದು ಹೇಳಕೂಡದೆಂಬ ನಿಯಮ.

ಸಂಸ್ಕೃತವನ್ನು ಓದಿದವರಿಗೆ ಇದನ್ನೆಲ್ಲ ಕೇಳುವಾಗ ಉಂಗುರಗಳ ನೆನಪಾಗದೆ ಇರದು. ಆಂಜನೇಯನು ಸೀತೆಗೆ ಕೊಟ್ಟ ಉಂಗುರದ ಮೇಲೆ ರಾಮನ ಹೆಸರು ಕೆತ್ತಿದ್ದಿತು. ದುಷ್ಯಂತನ ಉಂಗುರದ ಮೇಲಿನ ಅಕ್ಷರಗಳನ್ನು ಶಕುಂತಲೆಯ ಗೆಳತಿಯರು ಓದಿಯೇ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವರು. ವಿಶಾಖದತ್ತನ ನಾಟಕದಲ್ಲಿ ಚಾಣಕ್ಯನು ತನ್ನ ಕೈಗೆ ಬಂದ ಉಂಗುರದಲ್ಲಿ ರಾಕ್ಷಸನ ಹೆಸರನ್ನು ಓದಿಕೊಂಡ ಕ್ಷಣದಿಂದಲೇ ಕಥೆಯ ಗತಿ ನಿಶ್ಚಯವಾಗುವುದು. ನಮ್ಮ ಕವಿಗಳು ಉಂಗುರವನ್ನು ಕೊಡಿಸಿ ಸುಮ್ಮನಾಗಲಿಲ್ಲ, ಅದನ್ನು ಓದಿಸಿದರು. ರೈಲ್ವೆಯ ಚೆಂಡಿನ ಮೇಲೂ ಹೆಸರು ಕೊರೆದಿರುವುದು ಅಲಂಕಾರಕ್ಕಲ್ಲ. ಅದನ್ನು ಓದದೆ ಹೋದರೆ ಏನಾಗುವುದೆಂಬುದಕ್ಕೆ ದೃಷ್ಟಾಂತವಾಗಿ ವೇಲ್ಸ್ ನಾಡಿನ ಅಬರ್‌ಮ್ಯೂಲ್ ಎಂಬ ಸಣ್ಣ ಸ್ಟೇಷನ್ನಿನ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು.

1921ರ ಜನವರಿ 26. ಅಲ್ಲಿದ್ದುದು ಟಯರನ ಬಿಲ್ಲೆಯ ಯಂತ್ರವೇ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಖಾಯಂ ಮಾಸ್ತರರು ರಜೆಯ ಮೇಲೆ ಹೋಗಿ ಬದಲಿಯವರು ಬಂದಿದ್ದರು. ಪೂರ್ವದಿಂದ ಮಾಂಟ್‌ಗಾಮರಿಯ ಕಡೆಯ ನಿಧಾನದ ಬಂಡಿ, ಪಶ್ಚಿಮದಿಂದ ನ್ಯೂಟೌನಿನ ಕಡೆಯ ಎಕ್ಸ್‌ಪ್ರೆಸ್, ಎರಡೂ ಇಲ್ಲಿ ಕ್ರಾಸಿಂಗ್ ಆಗಬೇಕು. ಎಕ್ಸ್‌ಪ್ರೆಸ್ಸಿಗೆ ಬಿಲ್ಲೆ ಕೊಡಲು ಸ್ಟೇಷನ್ನಿನ ಸಿಬ್ಬಂದಿ ಆಗಲೇ ಒಪ್ಪಿಗೆ ಕೊಟ್ಟಾಗಿದ್ದಿತು. ಹೊರಗೆ ಹೋಗಿದ್ದ ಮಾಸ್ತರರಿಗೆ ಅದು ತಿಳಿಯದು. ನಿಧಾನದ ಬಂಡಿ ಬಂದು ನಿಂತಿತು. ಸ್ಟೇಷನ್ನಿನ ಹುಡುಗನೊಬ್ಬನು ಅದು ತಂದ ಬಿಲ್ಲೆಯನ್ನು ಚೀಲದೊಡನೆ ತೆಗೆದುಕೊಂಡನು. ಅದನ್ನು ಯಂತ್ರದೊಳಕ್ಕೆ ಹಾಕಬೇಕಾಗಿದ್ದಿತು. ದಾರಿಯಲ್ಲಿ ಎದುರಾದ ಮಾಸ್ತರರ ಕೈಗೆ ಚೀಲ ಹೋಯಿತು. ಮಾಸ್ತರರು ಅದನ್ನು ಮುಂದಿನ ದಾರಿಯ ಬಿಲ್ಲೆಯೆಂದೇ ಭಾವಿಸಿ, ಚೀಲವನ್ನು ತೆರೆದು ನೋಡದೆ, ಎಂಜಿನ್ನಿನವರ ಕೈಗೆ ಹಿಂದಿರುಗಿಸಿದರು. ಎಂಜಿನ್ನಿನವರೂ ನೋಡಲಿಲ್ಲ. ಒಂದು ನಿಮಿಷದ ಹಿಂದೆ ತಾವೇ ಕೊಟ್ಟ ಬಿಲ್ಲೆ ತಮ್ಮ ಕೈಗೇ ಮರಳಿ ಬಂದಿದೆಯೆಂದು ಅವರು ಅರಿಯಲಿಲ್ಲ. ಬಂಡಿ ಹೊರಟಿತು. ಎದುರಿನಿಂದ ಎಕ್ಸ್‌ಪ್ರೆಸ್ ಸರಿಯಾದ ಬಿಲ್ಲೆಯನ್ನು ಹಿಡಿದು, ದಾರಿ ತನ್ನದೆಂಬ ಧೈರ್ಯದಿಂದ ಬರುತ್ತಿದ್ದಿತು.

ಸ್ಟೇಷನ್ನಿನಿಂದ ಸುಮಾರು ಒಂದು ಮೈಲಿಯಾಚೆ ಅವು ಡಿಕ್ಕಿ ಹೊಡೆದುವು. ಹದಿನೇಳು ಜನರು ಪ್ರಾಣ ಬಿಟ್ಟರು. ಎಕ್ಸ್‌ಪ್ರೆಸ್ಸಿನ ಎಂಜಿನ್ನಿನವರು ಜಿಗಿದು, ಗಾಯಗೊಂಡರೂ ಬದುಕಿಕೊಂಡರು. ನಿಧಾನದ ಬಂಡಿಯ ಚಾಲಕನೂ ಫೈರ್‌ಮನ್ನೂ ಬದುಕಲಿಲ್ಲ. ಸತ್ತವರಲ್ಲಿ ಆ ರೈಲ್ವೆ ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾದ ಲಾರ್ಡ್ ಹರ್ಬರ್ಟ್ ವೇನ್-ಟೆಂಪೆಸ್ಟ್ ಎಂಬುವರೂ ಇದ್ದರು. ನಿಯಮವನ್ನು ಮಾಡುವವರ ಮನೆಯನ್ನೂ ನಿಯಮದ ಲೋಪವು ಬಿಡಲಿಲ್ಲವೆಂದು ಹೇಳುವುದಕ್ಕೆ ಬಾಯಿ ಬಂದರೂ, ಸಾವಿನ ಮುಂದೆ ಆ ಮಾತು ಶೋಭಿಸದು.

ಹೊಣೆ ಯಾರ ಮೇಲೆ ಎಷ್ಟೆಂದು ತೂಗಿ ನೋಡುವವರು ನೋಡಲಿ. ನಮಗೆ ತೋರುವುದು ಬೇರೆ. ಆ ಚೀಲವು ದಿನವೂ ಹಲವು ಸಲ ಅದೇ ಕೈಗಳಿಂದ ಅದೇ ಕೈಗಳಿಗೆ ಹೋಗುತ್ತಿದ್ದಿತು, ಮತ್ತು ದಿನವೂ ಸರಿಯಾಗಿಯೇ ಇರುತ್ತಿದ್ದಿತು. ಸಾವಿರ ಸಲ ಸರಿಯಾಗಿದ್ದುದನ್ನು ಸಾವಿರದ ಒಂದನೆಯ ಸಲ ತೆರೆದು ಓದುವುದು ಸುಲಭವಲ್ಲ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ನಾವು ಬಲ್ಲೆವು: ತಿಳಿಯದ ಅಕ್ಷರವನ್ನು ಮಗು ನಿಧಾನವಾಗಿ ಓದುವುದು, ತಿಳಿದ ಪದ್ಯವನ್ನು ಪುಸ್ತಕ ನೋಡದೆಯೇ ಒಪ್ಪಿಸಿಬಿಡುವುದು. ಯಂತ್ರವನ್ನು ಕಲ್ಪಿಸಿದವರು ಎರಡು ಚೆಂಡುಗಳು ಹೊರಬೀಳದಂತೆ ಭದ್ರ ಮಾಡಿದರು. ಒಂದು ಚೆಂಡು ಎರಡು ಸಲ ಸವಾರಿ ಹೊರಡದಂತೆ ತಡೆಯುವ ಕೆಲಸ ಕಣ್ಣಿಗೇ ಉಳಿದಿದ್ದಿತು. ಯಂತ್ರದಿಂದ ಟೋಕನ್ ಹೊರಬಿದ್ದಲ್ಲದೆ ಹೊರಡುವ ಕೈಮರ ಇಳಿಯದಂತೆ ಎರಡನ್ನೂ ಬೀಗದಿಂದ ಬೆಸೆಯುವ ಉಪಾಯ ಉಂಟು; ಆ ದಿನ ಅಬರ್‌ಮ್ಯೂಲಿನಲ್ಲಿ ಅಂಥದು ಇರಲಿಲ್ಲ.

ಈಗ ನಮ್ಮ ಕಡೆಯ ಮೀಟರ್ ಗೇಜ್ ಹಳಿಗಳು ಹೋದುವು, ಹಲವೆಡೆ ಜೋಡಿ ಹಳಿಗಳು ಬಂದುವು. ಒಂಟಿಯಾಗಿ ಉಳಿದ ದಾರಿಗಳಲ್ಲಿಯೂ ಟೋಕನ್ ಇಲ್ಲದೆ ನಡೆಯುವ ಯಂತ್ರಗಳು ಹರಡಿವೆ. ಹೋದ ಅಚ್ಚುಗಳೆಷ್ಟು, ಬಂದ ಅಚ್ಚುಗಳೆಷ್ಟು ಎಂದು ಹಳಿಯ ಪಕ್ಕದ ಸಾಧನವೇ ಎಣಿಸಿ ಹೇಳುವುದು. ಕಳಚಿ ಉಳಿದ ಬಾಲವೂ ಅದರ ಲೆಕ್ಕಕ್ಕೆ ಸಿಕ್ಕುವುದು. ಇದು ಒಳ್ಳೆಯದೇ. ಬೆತ್ತದ ಬಳೆಗಾಗಿ ಹಂಬಲಿಸಿ ಹಳೆಯದೇ ಚೆಂದವೆನ್ನುವವರ ಗುಂಪಿಗೆ ನಾವು ಸೇರತಕ್ಕವರಲ್ಲ. ಪಂಜು ಹಿಡಿದು ಮಳೆಯಲ್ಲಿ ನೆನೆಯುತ್ತ ನಿಂತವನನ್ನು ಕೇಳಿದರೆ ಅವನೂ ಇದನ್ನೇ ಹೇಳಿಯಾನು.

ಆದರೆ ಯಂತ್ರವೆಂದ ಮೇಲೆ ಒಂದೊಂದು ದಿನ ಅದು ಕೆಡುವುದೂ ಉಂಟು. ಅಂಥ ದಿನ ಇಬ್ಬರು ಮಾಸ್ತರರು ಟೆಲಿಫೋನಿನಲ್ಲಿ ಮಾತನಾಡಿ, ತಮ್ಮ ತಮ್ಮ ಹಾಳೆಯಲ್ಲಿರುವ ಗುಪ್ತ ಅಂಕಿಯೊಂದನ್ನು ಒಬ್ಬರಿಗೊಬ್ಬರು ಹೇಳಿ ಬರೆದುಕೊಳ್ಳುವರು. ಒಮ್ಮೆ ಉಪಯೋಗಿಸಿದ ಅಂಕಿಯನ್ನು ಹೊಡೆದುಹಾಕುವರು. ಆಮೇಲೆ ಕಾಗದದ ಮೇಲೆ "ಲೈನ್ ಕ್ಲಿಯರ್" ಚೀಟಿಯನ್ನು ಕೈಯಿಂದ ಬರೆದು ಚಾಲಕನಿಗೆ ಕೊಡುವರು. ಬಂಡಿಯೊಳಗಿನವರು ಆಗಲೂ ತಡವಾಯಿತೆಂದು ಗೊಣಗುತ್ತಿರುವರು. ಚಾಲಕನು ಮಾತ್ರ ಚೀಟಿಯನ್ನು ಬೆಳಕಿಗೆ ಹಿಡಿದು, ಸ್ಟೇಷನ್ನಿನ ಹೆಸರು, ಬಂಡಿಯ ಸಂಖ್ಯೆ, ಗುಪ್ತ ಅಂಕಿ, ರುಜು ಎಲ್ಲವನ್ನೂ ಒಂದೊಂದಾಗಿ ಓದಿ ಮುಗಿಸಿದ ಮೇಲೆಯೇ ಸೀಟಿ ಊದುವನು.