ಒಂದು ಸೈಜ್ ದೊಡ್ಡ ಟಾಯರ್

215/75 ಆರ್ 15. ಅಣ್ಣನ ಪಿಕಪ್ಪಿನ ಟಾಯರಿನ ಮೇಲಿರುವ ಈ ಸಾಲನ್ನು ನಾನು ಗಮನವಿಟ್ಟು ಓದಿದ್ದು ಕಳೆದ ಮಳೆಗಾಲದಲ್ಲಿ. 215 ಎಂಬುದು ಟಾಯರಿನ ಅಗಲ, ಮಿಲಿಮೀಟರಿನಲ್ಲಿ. 75 ಮಿಲಿಮೀಟರ್ ಅಲ್ಲ, ಆ ಅಗಲದ ನೂರಕ್ಕೆ 75ರಷ್ಟು ಪಕ್ಕದ ಗೋಡೆಯ ಎತ್ತರ. ಆರ್ ಎಂದರೆ ರೇಡಿಯಲ್. 15 ಮಾತ್ರ ಇಂಚು, ರಿಮ್ಮಿನದು. ಒಂದೇ ಸಾಲಿನಲ್ಲಿ ಮೂರು ಅಳತೆ! ಕಳ್ವಾದ ನಮ್ಮ ಮನೆಯಲ್ಲಿ ಒಂದೇ ವಾಕ್ಯದೊಳಗೆ ಕನ್ನಡ, ಮರಾಠಿ, ಹಿಂದಿ ಓಡಾಡುವ ಹಾಗೆ. ಬಳಸುವವರಿಗೆ ಯಾವ ತೊಡಕೂ ಇಲ್ಲ.

ಅಣ್ಣ ಎಂದರೆ ದೊಡ್ಡಪ್ಪನ ಮಗ. ಇಂಡಿ ಕಡೆಯವರು ನಾವು. ರಾತ್ರಿ ತುರ್ಭೆಯ ಎಪಿಎಂಸಿಯಲ್ಲಿ ತರಕಾರಿ ತುಂಬಿಕೊಂಡು ಬೆಳಗಾಗುವುದರೊಳಗೆ ಮುಲುಂಡ್, ಠಾಣೆಯ ಅಂಗಡಿಗಳಿಗೆ ಇಳಿಸುತ್ತಾನೆ. ಗಾಡಿಯ ಸಾಲ ಇನ್ನೂ ತೀರಿಲ್ಲ. ಘೋಡ್‌ಬಂದರ್ ರಸ್ತೆಯ ಗುಂಡಿಗಳಲ್ಲಿ ಹಿಂದಿನ ಸ್ಟೆಪ್ನಿ, ಸೈಲೆನ್ಸರ್ ನೆಲಕ್ಕೆ ಬಡಿಯತೊಡಗಿದ್ದವು.

"ಗಾಲಿ ದೊಡ್ಡವು ಹಾಕಿಸ್ಬೇಕಂತ ಮಾಡೀನಿ. ಲೆಕ್ಕ ಹಾಕಿ ಹೇಳ ತಂಗಿ, ನೀ ಭಾಷಾ ಓದಿದಾಕಿ" ಎಂದ. ಭಾಷಾಶಾಸ್ತ್ರದ ಎಂ.ಎ.ಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅಪರೂಪ. ವಾಹನಗಳ ಕೈಪಿಡಿ ಅನುವಾದಿಸಿ ಅಷ್ಟಿಷ್ಟು ಗೊತ್ತಿತ್ತು, ಕೂತೆ.

ಕುರ್ಲಾದ ಸಿಎಸ್‌ಟಿ ರಸ್ತೆಯ ಅಂಗಡಿಯವನು ತೋರಿಸಿದ್ದು 235/75 ಆರ್ 15. ಹಳೆಯ ಟಾಯರಿನ ಒಟ್ಟು ಎತ್ತರ 703.5 ಮಿ.ಮೀ., ಹೊಸದರದು 733.5. ಮೂರು ಸೆಂಟಿಮೀಟರ್ ಹೆಚ್ಚು. ಆದರೆ ಗಾಡಿ ಏಳುವುದು ಅದರ ಅರ್ಧ, ಅಂದರೆ ಒಂದು ಬೆರಳಿನಷ್ಟು. ಆ ಬೆರಳಿಗೆ ತೆರಬೇಕಾದದ್ದು ಬಹಳ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 62.5ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಗೇರುಗಳೆಲ್ಲ ನೂರಕ್ಕೆ ನಾಲ್ಕರಷ್ಟು ಭಾರವಾದಂತೆ, ಹಾಗಾಗಿ ತುಂಬಿದ ಗಾಡಿಯನ್ನು ಫ್ಲೈಓವರ್ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವಾಗ ಕ್ಲಚ್ಚಿಗೆ ಏಟು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿಗೆ ತಾಗುತ್ತದೋ ಇಲ್ಲವೋ ಎಂದು ಲೋಡ್ ಹಾಕಿಯೇ ನೋಡಬೇಕು, ಖಾಲಿ ಗಾಡಿಯಲ್ಲಿ ಗೊತ್ತಾಗುವುದಿಲ್ಲ.

ಸೈಜಿನ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ, ಯಾರೂ ಓದುವುದಿಲ್ಲ. ಅದು ಭಾರದ ಸೂಚ್ಯಂಕ. 100 ಎಂದಿದ್ದರೆ ಒಂದು ಟಾಯರ್ 800 ಕಿಲೋ ಹೊರುತ್ತದೆ, 97 ಎಂದಿದ್ದರೆ 730. ಅಂಗಡಿಯಲ್ಲಿದ್ದದ್ದು ದಪ್ಪ ಹಲ್ಲಿನ, ನೋಡಲು ಪೈಲ್ವಾನನಂಥ ಟಾಯರ್. ಆದರೆ ಜನ ಕೂತು ತಿರುಗುವ ಜೀಪಿಗಾಗಿ ಮಾಡಿದ್ದು. ಸರಕಿನ ಗಾಡಿಗೆ ಬೇಕಾದ 'ಎಲ್‌ಟಿ' ಗುರುತು ಅದರ ಮೇಲೆ ಇರಲಿಲ್ಲ.

ಇಷ್ಟು ಹೇಳಿದರೂ ಅಣ್ಣ ಅಲ್ಲಾಡಲಿಲ್ಲ. ಅಲ್ಲಾಡಿಸಿದ್ದು ಅತ್ತಿಗೆ. ಡಬ್ಬಿಯಿಂದ ಆರ್‌ಸಿ ತಂದು "ಇದರಾಗ ಏನ್ ಬರದಾರ ಓದ್ರಿ" ಎಂದರು. 1988ರ ಮೋಟಾರು ವಾಹನ ಕಾಯ್ದೆಯ 58ನೇ ಕಲಮಿನ ಪ್ರಕಾರ ಸರಕು ಸಾಗಣೆ ವಾಹನದ ನೋಂದಣಿಯಲ್ಲಿ ಪ್ರತಿ ಗಾಲಿಯ ಟಾಯರಿನ ಸೈಜನ್ನೂ ಬರೆಯಬೇಕು. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಎನ್ನುವುದು 52ನೇ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅಪಘಾತವಾದರೆ ವಿಮೆಯವರಿಗೆ ತಕರಾರು ತೆಗೆಯಲು ಒಂದು ದಾರಿ ಸಿಕ್ಕಂತೆ. "ಕಂತು ತುಂಬಾಕ ನಿಮ್ಮ ಗಾಲಿ ಬರ್ತಾವೇನು?" ಎಂದರು ಅತ್ತಿಗೆ. ನನ್ನ ಲೆಕ್ಕಕ್ಕಿಂತ ಅದು ಚೆನ್ನಾಗಿ ನಾಟಿತು.

ಗ್ಯಾರೇಜಿನ ಮುದುಕ ಮಿಸ್ತ್ರಿ ಗಾಡಿಯ ಕೆಳಗೆ ತೂರಿ, ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಭಾರಕ್ಕೆ ಚಪ್ಪಟೆಯಾಗಿವೆ, ಒಂದು ಮುರಿದೇ ಹೋಗಿದೆ ಎಂದ. ನೆಲಕ್ಕೆ ಬಡಿಯುತ್ತಿದ್ದದ್ದು ಅದರಿಂದ. ಪಟ್ಟಿ ಬದಲಾಯಿಸಿ, ಮೊದಲಿನ ಸೈಜಿನದೇ ಎಲ್‌ಟಿ ಟಾಯರ್ ಹಾಕಿಸಿದರು. ಹಿಂಭಾಗ ಎರಡು ಬೆರಳು ಎದ್ದಿತು.

ಈಗಲೂ ಸಿಗ್ನಲ್ಲಿನಲ್ಲಿ ದೊಡ್ಡ ಗಾಲಿಯ ಪಿಕಪ್ ಪಕ್ಕಕ್ಕೆ ಬಂದು ನಿಂತರೆ ಅಣ್ಣ ಕತ್ತು ಹೊರಳಿಸುತ್ತಾನೆ. "ಏನs ಅನ್ನು, ನೋಡಾಕ ಭಾರಿ ಚಂದ ಬಿಡು" ಎನ್ನುತ್ತಾನೆ.